ಐಗಳ ಬೆತ್ತ, ಹುಡುಗರ ಬೆನ್ನು

ಗದಗ ಸೀಮೆಯ ಹಳೆಯ ಗಾವಠಿ ಶಾಲೆಗಳಲ್ಲಿ ಶಿಕ್ಷೆಯೆಂದರೆ ಬಹುಮಟ್ಟಿಗೆ ಹುಡುಗರ ಶಿಕ್ಷೆಯೇ. ಹೆಣ್ಣುಮಕ್ಕಳು ಅಲ್ಲಿಗೆ ಬರುತ್ತಿದ್ದುದು ತೀರ ವಿರಳ. ಈ ಶಾಲೆಗಳ ಗುರುಗಳಾದ ಐಗಳು ಮಠದಲ್ಲೋ ಗುಡಿಯ ಕಟ್ಟೆಯ ಮೇಲೋ ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ತಪ್ಪಿದವನಿಗೆ ಬೆತ್ತ, ಬಸ್ಕಿ, ಕಿವಿ ಹಿಂಡುವುದು. ಶಾಲೆ ತಪ್ಪಿಸಿದವನಿಗೆ ಕೋದಂಡ. ತೊಲೆಗೆ ಕಟ್ಟಿದ ಹಗ್ಗವನ್ನು ಎರಡೂ ಕೈಯಿಂದ ಹಿಡಿದು ಹುಡುಗ ನೇತಾಡಬೇಕು, ಕೈ ಸೋತರೂ ಇಳಿಯುವಂತಿಲ್ಲ. ಪಾಠ ಹತ್ತದವನನ್ನೂ ತುಂಟನನ್ನೂ ಒಂದೇ ಬೆತ್ತದಿಂದ ಅಳೆದದ್ದು ಆ ಪದ್ಧತಿಯ ದೊಡ್ಡ ಅನ್ಯಾಯ. ಗಂಡುಹುಡುಗ ಹೊಡೆತ ತಿಂದೇ ಗಟ್ಟಿಯಾಗಬೇಕೆಂಬ ನಂಬಿಕೆ ಮನೆಯಲ್ಲೂ ಇದ್ದುದರಿಂದ ಅವನ ಪರವಾಗಿ ಕೇಳುವವರು ಕಡಿಮೆ.

1855ರಲ್ಲಿ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಇಲಾಖೆ ಬಂತು. ಆಗ ಈ ಸೀಮೆ ಒಂದೇ ಆಡಳಿತದಲ್ಲಿ ಇರಲಿಲ್ಲ: ಗದಗ-ಬೆಟಗೇರಿ, ಮುಂಡರಗಿಗಳಲ್ಲಿ ಬ್ರಿಟಿಷ್ ಆಡಳಿತ. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಸರಕಾರಿ ಕನ್ನಡ ಶಾಲೆಗಳಲ್ಲಿ ಮೊದಲ ತರಗತಿಗೂ ಮುಂಚಿನ ಬಿನ್ನೆತ್ತೆಯಿಂದ ಕೊನೆಯ ಪರೀಕ್ಷೆಯಾದ ಮುಲ್ಕಿಯವರೆಗೆ ಇಯತ್ತೆಗಳಾದವು (ತರಗತಿಗಳು), ತಪಾಸಣೆ ಬಂತು, ಕೋದಂಡ ಮರೆಯಾಯಿತು. ಬೆತ್ತ ಮಾತ್ರ ಐಗಳ ಕೈಯಿಂದ ಮಾಸ್ತರರ ಕೈಗೆ ದಾಟಿತು.

ಅದಕ್ಕೆ ದೇಶಮಟ್ಟದ ನಿಷೇಧ ಬಂದದ್ದು ಬಹಳ ತಡವಾಗಿ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು.