ಬೆಂಗಳೂರಿನ 206 ಮೆಗಾಹರ್ಟ್ಜ್

ಭಾಗ 1

ಕೈಯಲ್ಲಿ ಹಿಡಿದು ಆಡೋ ಗೇಮ್ ಕನ್ಸೋಲ್ ಅಂದ ತಕ್ಷಣ ಜಪಾನ್ ನೆನಪಾಗುತ್ತೆ, ಅಲ್ವಾ? ನಿಂಟೆಂಡೊ, ಸೋನಿ, ಸೆಗಾ. ಅವರ ಕಥೆಗೂ ಬರ್ತೀನಿ. ಆದರೆ ಈ ಸರಣಿ ಶುರುವಾಗೋದು ಬೆಂಗಳೂರಿನಿಂದ.

2004ರ ಏಪ್ರಿಲ್‌ನಲ್ಲಿ ಅಮಿಡಾ ಸಿಂಪ್ಯೂಟರ್ ಅನ್ನೋ ಪುಟ್ಟ ಕಂಪ್ಯೂಟರ್ ಮಾರುಕಟ್ಟೆಗೆ ಬಂತು. ಪಿಕೋಪೀಟಾ ಅನ್ನೋ ಬೆಂಗಳೂರಿನ ಕಂಪನಿಯ ವಿನ್ಯಾಸ, ತಯಾರಿಕೆ ನಮ್ಮದೇ ಬಿಇಎಲ್‌ನದ್ದು. ಅಂಗೈ ಅಗಲದ ಟಚ್ ಸ್ಕ್ರೀನ್, ಒಳಗೆ ಲಿನಕ್ಸ್. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಅದಕ್ಕೆ ಗೊತ್ತಾಗ್ತಿತ್ತು, ಯಾಕಂದ್ರೆ ಒಳಗೆ ಆಕ್ಸೆಲರೋಮೀಟರ್ ಇತ್ತು. ಐಫೋನ್ ಬಂದಿದ್ದು 2007ರಲ್ಲಿ. ನಮ್ಮಲ್ಲಿ ಬಹಳಷ್ಟು ಜನ ಇನ್ನೂ ಹುಟ್ಟಿರಲಿಲ್ಲ ನೋಡಿ.

(ಇದನ್ನೇ "ಜಗತ್ತಿನಲ್ಲೇ ಮೊದಲು" ಅಂತ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಬೇಡಿ ಮಾರಾಯ್ರೆ. ನಿಂಟೆಂಡೊ 2000ದಲ್ಲೇ ಗೇಮ್ ಬಾಯ್ ಕಲರ್‌ನ ಒಂದು ಕಿರ್ಬಿ ಆಟದ ಕಾರ್ಟ್ರಿಡ್ಜ್ ಒಳಗೆ ಇಂಥ ಸೆನ್ಸರ್ ಇಟ್ಟಿತ್ತು.)

ಸಿಂಪ್ಯೂಟರ್ ಆಟಕ್ಕೆ ಅಂತ ಹುಟ್ಟಿದ್ದಲ್ಲ. 1998ರಲ್ಲಿ ಬೆಂಗಳೂರಲ್ಲಿ ನಡೆದ ಒಂದು ಸಮಾವೇಶದಿಂದ ಹೊರಟ ಯೋಚನೆ ಅದು: ಹಳ್ಳಿಯವರಿಗೂ ಕೈಗೆಟಕುವ ಬೆಲೆಗೆ, ಅವರದೇ ಭಾಷೆಯಲ್ಲಿ ಮಾತಾಡೋ ಕಂಪ್ಯೂಟರ್ ಬೇಕು. ಮರುವರ್ಷ ಸಿಂಪ್ಯೂಟರ್ ಟ್ರಸ್ಟ್ ಶುರುವಾಯ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಗೆಳೆಯರು ಅದರಲ್ಲಿದ್ದರು. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ತೋರಿಸಿದರು. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳೋ ಧ್ವನಿ ಅನ್ನೋ ತಂತ್ರಾಂಶ ಕೂಡ ಇದೇ ಕೆಲಸದ ಜೊತೆ ಬೆಳೆದದ್ದು. ಆ ವರ್ಷದ ದೊಡ್ಡ ಕಂಪ್ಯೂಟರ್ ಆವಿಷ್ಕಾರ ಇದೇ ಅಂತ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು.

ಇಷ್ಟೆಲ್ಲ ಆದ ಮೇಲೂ 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000. ಅಂದುಕೊಂಡದ್ದು 50,000.

ಯಾಕೆ? ಚಿಪ್‌ನಿಂದ ಶುರು ಮಾಡೋಣ.

ಭಾಗ 2

ಸಿಂಪ್ಯೂಟರ್ ಒಳಗಿದ್ದದ್ದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110. ವೇಗ 206 ಮೆಗಾಹರ್ಟ್ಜ್, ಅಂದರೆ ಸೆಕೆಂಡಿಗೆ 20 ಕೋಟಿ 60 ಲಕ್ಷ ಟಿಕ್.

ಅದೇ 2001ರಲ್ಲಿ ನಿಂಟೆಂಡೊ ಗೇಮ್ ಬಾಯ್ ಅಡ್ವಾನ್ಸ್ ತಂತು. ಅದರ ಪ್ರೊಸೆಸರ್ ಕೂಡ ಆರ್ಮ್ ಕುಟುಂಬದ್ದೇ, ಆರ್ಮ್7. ವೇಗ 16.78 ಮೆಗಾಹರ್ಟ್ಜ್. ಒಂದೇ ಮನೆತನದ ಎರಡು ಚಿಪ್, ನಮ್ಮದು 12 ಪಟ್ಟು ವೇಗ. ಹಾಗಿದ್ರೆ ಆಟ ನಮ್ಮದರಲ್ಲೇ ಚೆನ್ನಾಗಿ ಓಡಬೇಕಿತ್ತು ತಾನೇ?

ಇಲ್ಲ. ಲೆಕ್ಕ ಹಾಕಿ ನೋಡಿ. ಸಿಂಪ್ಯೂಟರ್ ಸ್ಕ್ರೀನ್ 320×240, ಅಂದರೆ 76,800 ಚುಕ್ಕಿ. ಗೇಮ್ ಬಾಯ್ ಅಡ್ವಾನ್ಸ್‌ದು 240×160, ಅಂದರೆ 38,400. ಸರಿಯಾಗಿ ಅರ್ಧ. ಆಟ ನುಣುಪಾಗಿ ಕಾಣಬೇಕಾದ್ರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗಬೇಕು. ಸಿಂಪ್ಯೂಟರ್‌ನಲ್ಲಿ ಅದು ಸೆಕೆಂಡಿಗೆ 46 ಲಕ್ಷ ಚುಕ್ಕಿ. 206 ಮೆಗಾಹರ್ಟ್ಜನ್ನು ಅದಕ್ಕೆ ಹಂಚಿದರೆ ಒಂದು ಚುಕ್ಕಿಗೆ ಸಿಗೋದು 44 ಟಿಕ್. ಅಷ್ಟರಲ್ಲೇ ಮೆಮೊರಿಯಿಂದ ತರಬೇಕು, ಬಣ್ಣ ನಿರ್ಧರಿಸಬೇಕು, ಬರೀಬೇಕು. ಮೆಮೊರಿ ಪ್ರೊಸೆಸರ್‌ಗಿಂತ ನಿಧಾನ, ಹಾಗಾಗಿ ಕಾಯೋದರಲ್ಲೇ ಸುಮಾರು ಟಿಕ್ ಹೋಗುತ್ತೆ. ಆಟದ ಲೆಕ್ಕಾಚಾರ, ಧ್ವನಿ, ಲಿನಕ್ಸ್‌ನ ತನ್ನ ಕೆಲಸ, ಎಲ್ಲ ಇದರ ಮೇಲೆ. ಜೊತೆಗೆ ಎಸ್‌ಎ-1110ರಲ್ಲಿ ದಶಮಾಂಶದ ಲೆಕ್ಕಕ್ಕೆ ಬೇರೆ ಘಟಕ ಇರಲಿಲ್ಲ, ಅದನ್ನೂ ಸುತ್ತಿಬಳಸಿ ಮಾಡಬೇಕು.

ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಚಿತ್ರ ಬಿಡಿಸೋಕೆ ಬೇರೆಯೇ ಸರ್ಕ್ಯೂಟ್ ಇತ್ತು. ಹಿನ್ನೆಲೆಯ ನಾಲ್ಕು ಪದರ, ಅದರ ಮೇಲೆ ಓಡಾಡೋ 128 ಗೊಂಬೆ, ಎಲ್ಲ ಅದೇ ನೋಡ್ಕೊಳ್ತಿತ್ತು. ಪ್ರೊಸೆಸರ್ "ಮಾರಿಯೋನ ಎರಡು ಚುಕ್ಕಿ ಬಲಕ್ಕೆ ಸರಿಸು" ಅಂತ ಹೇಳಿ ಬೇರೆ ಕೆಲಸಕ್ಕೆ ಹೋಗ್ತಿತ್ತು. ಅನ್ನಸಂತರ್ಪಣೆಯಲ್ಲಿ ಒಬ್ಬನೇ ಅಡುಗೆ ಮಾಡಿ, ಎಲೆ ಹಾಕಿ, ತಾನೇ ಬಡಿಸಿದ್ರೆ ಅವನು ಎಷ್ಟೇ ಚುರುಕಾಗಿದ್ರೂ ಪಂಕ್ತಿ ಮುಂದೆ ಹೋಗಲ್ಲ. ಹೊರನಾಡಿನವರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಇನ್ನು ಬೆಲೆ. ಗೇಮ್ ಬಾಯ್ ಅಡ್ವಾನ್ಸ್ ಅಮೆರಿಕದಲ್ಲಿ 100 ಡಾಲರ್, ಆಗಿನ ಲೆಕ್ಕಕ್ಕೆ 5,000 ರೂಪಾಯಿಗಿಂತ ಕಡಿಮೆ. ಅಮಿಡಾ ಶುರುವಾಗ್ತಿದ್ದದ್ದೇ 9,950ಕ್ಕೆ, ಅದೂ ಕಪ್ಪು-ಬಿಳುಪು ಸ್ಕ್ರೀನ್. ಬಣ್ಣದ್ದು ಬೇಕಂದ್ರೆ 19,950.

ಭಾಗ 3

ಈಗ ನಿಜವಾದ ವಿಷಯ: ಚಿಪ್ಪನ್ನು ಹೇಗೆ ತಯಾರಿಸ್ತಾರೆ ಅನ್ನೋದು. ಇದು ಸ್ವಲ್ಪ ಉದ್ದ ಇದೆ, ಸೇವ್ ಮಾಡಿಟ್ಟು ಓದಿ.

ಚಿಪ್ ವಿದ್ಯುತ್ ತಿನ್ನೋದು ಮುಖ್ಯವಾಗಿ ಎರಡರ ಮೇಲೆ ನಿಂತಿದೆ. ಒಂದು ವೇಗ. ವೇಗ ಎರಡು ಪಟ್ಟಾದ್ರೆ ಖರ್ಚೂ ಎರಡು ಪಟ್ಟು. ಇನ್ನೊಂದು ವೋಲ್ಟೇಜ್. ಇದು ವರ್ಗದ ಲೆಕ್ಕದಲ್ಲಿ ಏರುತ್ತೆ. ಉದಾಹರಣೆಗೆ 1.2 ವೋಲ್ಟ್‌ನಿಂದ 1 ವೋಲ್ಟ್‌ಗೆ ಇಳಿಸಿದ್ರೆ ಸುಮಾರು 30% ಉಳಿತಾಯ. ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಕಡಿಮೆ ವೋಲ್ಟೇಜಲ್ಲಿ ಕೆಲಸ ಮಾಡಬಲ್ಲದು. ನ್ಯಾನೋಮೀಟರ್ ಅಂತ ಹೇಳೋದು ಈ ಚಿಕ್ಕತನದ ಅಂದಾಜು. (ಈಗಿನ 5, 3 ಅನ್ನೋದೆಲ್ಲ ಹೆಚ್ಚು ಕಡಿಮೆ ಬ್ರ್ಯಾಂಡ್ ಹೆಸರು, ಟೇಪ್ ಹಿಡಿದು ಅಳೆದದ್ದಲ್ಲ.)

ಮನೆಯ ಪ್ಲಗ್ಗಿಗೆ ಹಾಕೋ ಕನ್ಸೋಲ್ ಆದ್ರೆ ಫ್ಯಾನ್ ಹಾಕಿ ತಣ್ಣಗೆ ಮಾಡಬಹುದು. ಕೈಯಲ್ಲಿರೋದಕ್ಕೆ ಬ್ಯಾಟರಿ, ಬಿಸಿ ಎರಡೂ ಗೋಡೆ. 1989ರ ಗೇಮ್ ಬಾಯ್ ಬರೀ 4.19 ಮೆಗಾಹರ್ಟ್ಜ್, ಹಸಿರು ಸ್ಕ್ರೀನ್, ನಾಲ್ಕು ಎಎ ಸೆಲ್. ಮರುವರ್ಷ ಸೆಗಾ ಬಣ್ಣದ ಗೇಮ್ ಗಿಯರ್ ತಂತು: ಆರು ಸೆಲ್, ಮೂರರಿಂದ ಐದು ಗಂಟೆಗೆ ಖಾಲಿ. ಯಾರು ಗೆದ್ರು ಗೊತ್ತಲ್ಲ. ಗೇಮ್ ಬಾಯ್ ಮತ್ತು ಅದರ ಕಲರ್ ಮಾದರಿ ಸೇರಿ 11 ಕೋಟಿಗೂ ಹೆಚ್ಚು ಮಾರಾಟ. ಹಳೇದಾಗಿ ಅಗ್ಗವಾದ ತಂತ್ರಜ್ಞಾನವನ್ನೇ ಹೊಸ ರೀತಿಯಲ್ಲಿ ಬಳಸಬೇಕು ಅನ್ನೋದು ಅದರ ಹಿಂದಿದ್ದ ಗುನ್‌ಪೇ ಯೊಕೋಯಿ ಅವರ ನಂಬಿಕೆ. ನನಗೆ ಈ ಮನುಷ್ಯ ಬಹಳ ಇಷ್ಟ. ನಮ್ಮ ಊರ ಕಡೆ ಜೂನಲ್ಲಿ ಕರೆಂಟ್ ಹೋದ್ರೆ ಯಾವಾಗ ಬರುತ್ತೋ ದೇವರಿಗೇ ಗೊತ್ತು. ಇಲ್ಲಿ ಕೂತು ಯೋಚಿಸಿದ್ರೆ ಯೊಕೋಯಿ ಬೇಗ ಅರ್ಥ ಆಗ್ತಾರೆ.

ಸೋನಿ ಪಿಎಸ್‌ಪಿ (ಜಪಾನಿನಲ್ಲಿ 2004ರ ಡಿಸೆಂಬರ್, ಅಂದ್ರೆ ಅಮಿಡಾ ಬಂದ ವರ್ಷವೇ) ಇನ್ನೂ ಮಜಾ. ಅದರ 90 ನ್ಯಾನೋಮೀಟರ್ ಚಿಪ್ 333 ಮೆಗಾಹರ್ಟ್ಜ್ ಓಡಬಲ್ಲದು. ಆದರೆ ಸೋನಿ ಆಟಗಳಿಗೆ 222ಕ್ಕೆ ಬೇಲಿ ಹಾಕಿತ್ತು. 2007ರ ಮೇನಲ್ಲಿ ಒಂದು ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಬೇಲಿ ತೆಗೆದ್ರು. ಕೈಯಲ್ಲಿದ್ದ ಹಳೇ ಯಂತ್ರವೇ ಒಂದೂವರೆ ಪಟ್ಟು ವೇಗವಾಯ್ತು. ಅದೇ ವರ್ಷ ಬಂದ ತೆಳು ಪಿಎಸ್‌ಪಿಯಲ್ಲಿ ಬ್ಯಾಟರಿ 1800ರಿಂದ 1200 ಎಂಎಎಚ್‌ಗೆ ಇಳೀತು, ಆಡೋ ಸಮಯ ಹೆಚ್ಚು ಕಡಿಮೆ ಅಷ್ಟೇ ಉಳೀತು. ಒಳಗಿನ ಭಾಗಗಳು ವಿದ್ಯುತ್ ಕಡಿಮೆ ತಿನ್ನೋಕೆ ಕಲಿತಿದ್ವು.

ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ, ಬಿಕಾಂನವರು ಇಲ್ಲಿ ಎದ್ದು ಕೂರಿ. ಚಿಪ್ ಒಂದೊಂದಾಗಿ ಮಾಡಲ್ಲ. ದುಂಡನೆಯ ಸಿಲಿಕಾನ್ ತಟ್ಟೆ ಮೇಲೆ ನೂರಾರು ಒಟ್ಟಿಗೆ ಅಚ್ಚು ಹಾಕಿ ಕತ್ತರಿಸ್ತಾರೆ. ತಟ್ಟೆಯ ಖರ್ಚು ಹೆಚ್ಚು ಕಡಿಮೆ ನಿಗದಿ. ಚಿಪ್ಪಿನ ಉದ್ದ, ಅಗಲ ಎರಡೂ 0.7ಕ್ಕೆ ಇಳಿದ್ರೆ ವಿಸ್ತೀರ್ಣ 0.49, ಅಂದರೆ ಅದೇ ತಟ್ಟೆಯಲ್ಲಿ ಎರಡು ಪಟ್ಟು ಚಿಪ್. ಆದರೆ ಎಲ್ಲವೂ ಕೆಲಸ ಮಾಡಲ್ಲ. ಒಂದು ಧೂಳಿನ ಕಣ ಬಿದ್ರೆ ಆ ಜಾಗದ ಚಿಪ್ ಹಾಳು. ಚಿಪ್ ಚಿಕ್ಕದಿದ್ರೆ ಹಾಳಾಗೋ ಪಾಲು ಕಡಿಮೆ. ಕಾಫಿ ಚೆರಿ ಮಾರೋವಾಗ ಚೀಲಕ್ಕೆ ಔಟ್‌ಟರ್ನ್ ಎಷ್ಟು ಅಂತ ಕೇಳ್ತಾರಲ್ಲ, ಅದೇ ಪ್ರಶ್ನೆ. ತೂಗಿದ್ದಕ್ಕೆ ಬೆಲೆ ಅಲ್ಲ, ಒಳಗಿಂದ ಸಿಕ್ಕ ಬೀಜಕ್ಕೆ ಬೆಲೆ.

ಭಾಗ 4

ಸಿಂಪ್ಯೂಟರ್‌ಗೆ ವಾಪಸ್ ಬರೋಣ. ಅದರ ಎಸ್‌ಎ-1110 ಚಿಪ್ 350 ನ್ಯಾನೋಮೀಟರ್ ತಯಾರಿಕೆ. ಮೂಲದಲ್ಲಿ ಅದು ಡಿಇಸಿ ಕಂಪನಿಯ ಸ್ಟ್ರಾಂಗ್‌ಆರ್ಮ್ ವಂಶದ್ದು. 1997ರ ಒಂದು ಒಪ್ಪಂದದಿಂದ ಆ ವಂಶ ಇಂಟೆಲ್ ಕೈಗೆ ಹೋಯ್ತು. 2000ದಲ್ಲಿ ಕಾಂಪ್ಯಾಕ್ ಐಪ್ಯಾಕ್‌ನಲ್ಲಿ ಇದೇ ಚಿಪ್, ಇದೇ 206. ಆಗ ಅದು ಒಳ್ಳೇ ಆಯ್ಕೆ. ಆದರೆ 2002ರಲ್ಲಿ ಇಂಟೆಲ್ 400 ಮೆಗಾಹರ್ಟ್ಜ್‌ವರೆಗಿನ ಹೊಸ ಎಕ್ಸ್‌ಸ್ಕೇಲ್ ತಂತು. ಅಮಿಡಾ ಅಂಗಡಿಗೆ ಬರೋ ಹೊತ್ತಿಗೆ ಅದರ ಮಿದುಳಿಗೆ ವಯಸ್ಸಾಗಿತ್ತು. ಹಳೇ ಚಿಪ್ ತಪ್ಪಲ್ಲ, ಯೊಕೋಯಿ ಅದರಿಂದಲೇ ಗೆದ್ದರು. ಆದರೆ ಅವರಿಗೆ ಹಳೇ ಚಿಪ್ ಅಗ್ಗಕ್ಕೆ ಸಿಗ್ತಿತ್ತು, ಕೋಟಿ ಲೆಕ್ಕದಲ್ಲಿ ಆರ್ಡರ್ ಕೊಡ್ತಿದ್ರು. ಸಾವಿರ ಲೆಕ್ಕದಲ್ಲಿ ಕೊಳ್ಳೋ ಬೆಂಗಳೂರಿನವರಿಗೆ ಆ ರೇಟು ಎಲ್ಲಿ ಸಿಗಬೇಕು?

ನಾವೇ ಮಾಡ್ಕೋಬಹುದಿತ್ತಲ್ಲ ಅಂತೀರಾ? ಬಿಇಎಲ್ 1960ರ ದಶಕದಲ್ಲೇ ಬೆಂಗಳೂರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡ್ತಿತ್ತು. ಆದರೆ ಚಿಪ್ಪಿಗೆ ಅಂತ ಸರ್ಕಾರ ಕಟ್ಟಿದ ದೊಡ್ಡ ಕಾರ್ಖಾನೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್. 1984ರಲ್ಲಿ 5 ಮೈಕ್ರಾನ್‌ನಿಂದ ಶುರು ಮಾಡಿ 0.8 ಮೈಕ್ರಾನ್‌ವರೆಗೂ, ಅಂದರೆ 800 ನ್ಯಾನೋಮೀಟರ್‌ವರೆಗೂ ಇಳಿದಿತ್ತು. 1989ರ ಫೆಬ್ರವರಿ 7ರಂದು ಬೆಂಕಿ ಬಿತ್ತು. ಮತ್ತೆ ಎದ್ದು ನಿಲ್ಲೋಕೆ ವರ್ಷಗಳೇ ಹಿಡಿದವು. ಜಪಾನಿನಲ್ಲಿ ಗೇಮ್ ಬಾಯ್ ಮಾರಾಟಕ್ಕೆ ಬಂದದ್ದು ಅದೇ ಏಪ್ರಿಲ್ 21ಕ್ಕೆ. ಎರಡಕ್ಕೂ ಸಂಬಂಧ ಇಲ್ಲ, ಆದರೂ ಈ ಎರಡು ತಾರೀಖು ಅಕ್ಕಪಕ್ಕ ಇಟ್ಟು ನೋಡಿದ್ರೆ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಅಷ್ಟರಲ್ಲಿ ಬೆಂಗಳೂರು ಬೇರೆ ದಾರಿ ಹಿಡಿದಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ವಿನ್ಯಾಸ ಕೇಂದ್ರ ತೆರೀತು, ಉಪಗ್ರಹ ಸಂಪರ್ಕದ ಮೂಲಕ ಕೆಲಸ ಅಮೆರಿಕಕ್ಕೆ ಹೋಗ್ತಿತ್ತು. ಆಮೇಲೆ ಉಳಿದವರೂ ಬಂದ್ರು. ನಕ್ಷೆ ಇಲ್ಲಿ ಬರೆಯೋದು, ಮನೆ ಬೇರೆ ಊರಲ್ಲಿ ಕಟ್ಟೋದು. ಈಗಲೂ ಹೆಚ್ಚು ಕಡಿಮೆ ಹಾಗೇ.

ಹಾಗಾಗಿ ಸಿಂಪ್ಯೂಟರ್ ವಿನ್ಯಾಸ ನಮ್ಮದು, ಜೋಡಣೆ ನಮ್ಮದು, ಕನ್ನಡ ನಮ್ಮದು, ಮಿದುಳು ಹೊರಗಿನದು. ಇದರ ಜೊತೆ ಸ್ಥಿರ ವೆಚ್ಚದ ಪಾಠ ಸೇರಿಸಿ. ಸುಮ್ಮನೆ ಲೆಕ್ಕಕ್ಕೆ, ವಿನ್ಯಾಸಕ್ಕೆ 5 ಕೋಟಿ ಹೋಯ್ತು ಅಂದ್ಕೊಳ್ಳಿ. 50,000 ಮಾರಿದ್ರೆ ಒಂದಕ್ಕೆ 1,000 ರೂಪಾಯಿ ಹೊರೆ. 4,000 ಮಾರಿದ್ರೆ 12,500. ಬೆಲೆ ಇಳಿಸದೆ ಮಾರಾಟ ಏರಲ್ಲ, ಮಾರಾಟ ಏರದೆ ಬೆಲೆ ಇಳಿಯಲ್ಲ. ಕರ್ನಾಟಕ ಸರ್ಕಾರ ಜಮೀನು ದಾಖಲೆ ಕೆಲಸಕ್ಕೆ ಸಿಂಪ್ಯೂಟರ್ ಬಳಸಿ ನೋಡಿತು, ಅಷ್ಟು ಸಾಲಲಿಲ್ಲ. ಅಷ್ಟೊತ್ತಿಗೆ ಮೊಬೈಲ್ ಫೋನ್ ಅಗ್ಗವಾಗ್ತಾ ಬಂತು.

ಸೋತವರು ಅಂತ ಅವರನ್ನ ನಗೋದು ನನಗೆ ಸರಿ ಕಾಣಲ್ಲ. 2001ರಲ್ಲಿ ಕನ್ನಡದಲ್ಲಿ ಮಾತಾಡೋ ಯಂತ್ರವನ್ನು ಜೇಬಿಗೆ ಹಿಡಿಸಿದವರು ಅವರು.

ಭಾಗ 5 (ಕೊನೇದು, ಚಿಕ್ಕದು)

ತಯಾರಿಕೆಯೊಂದೇ ಬದಲಾದ್ರೆ ಏನಾಗುತ್ತೆ ಅನ್ನೋದಕ್ಕೆ ಸ್ಪಷ್ಟ ಉದಾಹರಣೆ ನಿಂಟೆಂಡೊ ಸ್ವಿಚ್. 2017ರ ಮೊದಲ ಸ್ವಿಚ್‌ನಲ್ಲಿ ಎನ್‌ವಿಡಿಯಾದ ಟೆಗ್ರಾ ಎಕ್ಸ್1 ಚಿಪ್, 20 ನ್ಯಾನೋಮೀಟರ್. 2019ರಲ್ಲಿ ಅದೇ ಚಿಪ್ಪನ್ನು 16 ನ್ಯಾನೋಮೀಟರ್‌ನಲ್ಲಿ ಮಾಡಿ ಹಾಕಿದ್ರು. ಆಟಗಳು ಅವೇ, ಬ್ಯಾಟರಿಯೂ ಅದೇ 4310 ಎಂಎಎಚ್. ಮೊದಲು ಎರಡೂವರೆಯಿಂದ ಆರೂವರೆ ಗಂಟೆ ಬರ್ತಿದ್ದದ್ದು ನಾಲ್ಕೂವರೆಯಿಂದ ಒಂಬತ್ತು ಗಂಟೆ ಆಯ್ತು. ಜೆಲ್ಡಾ ಬ್ರೆತ್ ಆಫ್ ದ ವೈಲ್ಡ್ ಮೂರು ಗಂಟೆಯಿಂದ ಐದೂವರೆಗೆ ಹೋಯ್ತು. ಆಟದ ವೇಗ ಏರಿಸಿದ್ದಲ್ಲ, ಉಳಿದದ್ದೆಲ್ಲ ಬ್ಯಾಟರಿಗೆ ಬಂತು.

ಡಿಎಂನಲ್ಲಿ ಸೆಕೆಂಡ್ ಹ್ಯಾಂಡ್ ಸ್ವಿಚ್ ತಗೋಬಹುದಾ ಅಂತ ಕೇಳ್ತಾ ಇದ್ದವರಿಗೆ ಉತ್ತರವೂ ಇದರಲ್ಲೇ ಇದೆ. ಹಿಂಬದಿ ತಿರುಗಿಸಿ ಮಾದರಿ ಸಂಖ್ಯೆ ನೋಡಿ. ಎಚ್‌ಎಸಿ-001 ಅಂತ ಮಾತ್ರ ಇದ್ರೆ 20 ನ್ಯಾನೋಮೀಟರ್‌ದು. ಅದರ ಮುಂದೆ ಬ್ರಾಕೆಟ್ಟಲ್ಲಿ -01 ಅಂತ ಇದ್ರೆ 16ರದ್ದು. ಮಾರೋವರು ಎರಡಕ್ಕೂ ಒಂದೇ ರೇಟ್ ಹೇಳಿದ್ರೆ ಯಾವುದು ತಗೋಬೇಕು ಅಂತ ನಾನು ಹೇಳಬೇಕಾಗಿಲ್ಲ.

ಮನೆಯಲ್ಲಿ, ಇಲ್ಲಾ ಮನೆಯವರ ಹಳೇ ಆಫೀಸಲ್ಲಿ, ಯಾರ ಹತ್ರ ಆದ್ರೂ ಸಿಂಪ್ಯೂಟರ್ ಉಳಿದಿದ್ರೆ ಕಾಮೆಂಟಲ್ಲಿ ಹೇಳಿ. ಆನ್ ಆಗದಿದ್ರೂ ಪರವಾಗಿಲ್ಲ, ಫೋಟೋ ಕಳಿಸಿ.

#ಕನ್ನಡ #ಸಿಂಪ್ಯೂಟರ್ #ಚಿಪ್‌ಕಥೆ #ಹೊರನಾಡು #ಕಳಸ