ಚಾಪೆಯ ಗುರುತು ಮತ್ತು ಕಿಸ್ರಾನ ರತ್ನಗಂಬಳಿ

ಹಿಜ್ರಿ 16ನೆಯ ವರ್ಷ. ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ)ರ ನೇತೃತ್ವದ ಸೇನೆಯು ಪರ್ಶಿಯಾದ ಸಾಸಾನಿ ದೊರೆಗಳ ರಾಜಧಾನಿ ಮದಾಯಿನ್ ನಗರವನ್ನು ಪ್ರವೇಶಿಸಿತು. ಅರಮನೆಯಲ್ಲಿ ದೊರೆತ ಸಂಪತ್ತಿನಲ್ಲಿ ಒಂದು ಬೃಹತ್ ರತ್ನಗಂಬಳಿಯಿತ್ತು. ಇಮಾಮ್ ತಬರೀಯವರ ವರ್ಣನೆಯಂತೆ ಅದರ ಉದ್ದಗಲ 60 ಮೊಳ. ಅದರಲ್ಲಿ ಒಂದು ಉದ್ಯಾನವೇ ಅರಳಿತ್ತು: ಕಾಲುವೆಗಳು, ಹಾದಿಗಳು, ಅಂಚಿನಲ್ಲಿ ಹಸಿರು ಪೈರು, ರತ್ನಗಳಿಂದ ಮಾಡಿದ ಫಲಪುಷ್ಪಗಳು. ಚಳಿಗಾಲದಲ್ಲಿ ನಿಜವಾದ ತೋಟ ಬರಿದಾದಾಗ ದೊರೆಗಳು ಅದರ ಮೇಲೆ ಪಾನಗೋಷ್ಠಿ ನಡೆಸುತ್ತಿದ್ದರು.

ಸೈನಿಕರು ತಮ್ಮ ಪಾಲನ್ನು ಬಿಟ್ಟುಕೊಟ್ಟು ಅದನ್ನು ಇಡಿಯಾಗಿಯೇ ಮದೀನಕ್ಕೆ ಕಳುಹಿಸಿದರು. ಖಲೀಫ ಹಝ್ರತ್ ಉಮರ್(ರ) ಸಹಾಬಿಗಳ ಅಭಿಪ್ರಾಯ ಕೇಳಿದರು. ಅದನ್ನು ಖಲೀಫರ ವಿವೇಚನೆಗೇ ಬಿಡಬೇಕೆಂದು ಹಲವರು ಹೇಳಿದರು. ಇಂದು ಅದನ್ನು ಹಾಗೆಯೇ ಉಳಿಸಿಕೊಂಡರೆ, ನಾಳೆ ಹಕ್ಕಿಲ್ಲದವನು ಅದನ್ನು ತನ್ನದಾಗಿಸಿಕೊಂಡಾನು ಎಂದು ಹಝ್ರತ್ ಅಲೀ(ರ) ಎಚ್ಚರಿಸಿದರು. ಖಲೀಫರು ಅದನ್ನು ತುಂಡರಿಸಿ ಜನರಿಗೆ ಹಂಚಿದರು. ಹಝ್ರತ್ ಅಲೀ(ರ)ರ ಪಾಲಿಗೆ ಬಂದ ಒಂದು ತುಂಡೇ 20,000 ದಿರ್ಹಮ್‌ಗಳಿಗೆ ಮಾರಾಟವಾಯಿತು.

ಇದೇ ಉಮರ್(ರ) ಕೆಲವು ವರ್ಷಗಳ ಹಿಂದೆ ಪ್ರವಾದಿ(ಸ)ರ ಕೋಣೆಯಲ್ಲಿ ನಿಂತು ಅತ್ತಿದ್ದರು. ಚಾಪೆಯ ಹೆಣಿಕೆಯು ಪ್ರವಾದಿವರ್ಯರ(ಸ) ಪಕ್ಕೆಯ ಮೇಲೆ ಗುರುತು ಮೂಡಿಸಿತ್ತು. ಕಿಸ್ರಾ ಮತ್ತು ಕೈಸರ್‌ರು ವೈಭವದಲ್ಲಿರುವಾಗ ಅಲ್ಲಾಹನ ಸಂದೇಶವಾಹಕರಿಗೆ ಈ ಸ್ಥಿತಿಯೇ ಎಂಬುದು ಅವರ ಸಂಕಟವಾಗಿತ್ತು. ಅವರಿಗೆ ಇಹಲೋಕ, ನಮಗೆ ಪರಲೋಕ ಎಂಬ ಅರ್ಥದ ಉತ್ತರ ಅವರಿಗೆ ದೊರೆತಿತ್ತು. ಆ ಕಿಸ್ರಾನ ರತ್ನಗಂಬಳಿಯೇ ಕಾಲಬಳಿ ಬಂದು ಬಿದ್ದಾಗ ಅವರ ಕೈ ನಡುಗಲಿಲ್ಲ.

ಹಾಗೆಂದು ಇಸ್ಲಾಮ್ ಸೌಂದರ್ಯದ ವೈರಿಯಲ್ಲ. ಅಲ್‌ಗಾಶಿಯ ಅಧ್ಯಾಯವು ಸ್ವರ್ಗದ ಅನುಗ್ರಹಗಳಲ್ಲಿ ಹಾಸಿದ ರತ್ನಗಂಬಳಿಗಳನ್ನೂ ಹೆಸರಿಸುತ್ತದೆ. ಪರ್ಶಿಯಾದ ನೇಕಾರರು ಇಸ್ಲಾಮ್ ಸ್ವೀಕರಿಸಿದ ಬಳಿಕವೂ ಆ ಕಲೆ ಬೆಳೆಯಿತು. ಹಾಸು ನೂಲಿಗೆ ಒಂದೊಂದೇ ಉಣ್ಣೆಯ ಗಂಟು ಹಾಕಿ, ಸಾಲು ಮುಗಿದಾಗ ಹೊಕ್ಕು ನೂಲು ಹಾಯಿಸಿ ಬಿಗಿಗೊಳಿಸುವುದೇ ಇದರ ಕ್ರಮ. ತಬ್ರೀಝ್‌ನವರು ಎರಡೂ ಹಾಸುಎಳೆಗಳನ್ನು ಸುತ್ತುವ ಗಂಟು ಹಾಕುತ್ತಾರೆ. ಕಾಶಾನ್, ಇಸ್ಫಹಾನ್‌ಗಳಲ್ಲಿ ಒಂದೇ ಎಳೆಯನ್ನು ಪೂರ್ಣವಾಗಿ ಸುತ್ತುತ್ತಾರೆ. ಕೆಂಪಿಗೆ ಮಂಜಿಷ್ಠದ ಬೇರು, ನೀಲಿಗೆ ನೀಲಿಗಿಡ, ಹಳದಿಗೆ ದಾಳಿಂಬೆಯ ಸಿಪ್ಪೆ.

ನಗರದ ನೇಕಾರರು ಕಾಗದದ ನಕ್ಷೆಯನ್ನು ನೋಡಿ ನೇಯುತ್ತಾರೆ: ನಡುವೆ ದೊಡ್ಡ ಪದಕವಿರುವ ವಿನ್ಯಾಸ, ಬಳ್ಳಿಗಳು, ಕಿರ್ಮಾನ್‌ನ ಹೂದಾನಿಗಳು. ಫಾರ್ಸ್ ಪ್ರಾಂತ್ಯದ ಕಶ್ಕಾಯಿ ಅಲೆಮಾರಿ ಸ್ತ್ರೀಯರಿಗೆ ನೆನಪೇ ನಕ್ಷೆ. ಅವರ ದಪ್ಪನೆಯ ಗಬ್ಬೆಗಳಲ್ಲಿ ಸರಳ ಆಕೃತಿಗಳಿರುತ್ತವೆ. ಬಖ್ತಿಯಾರಿಗಳು ಚೌಕಗಳಲ್ಲಿ ತೋಟವನ್ನು ನೇಯುತ್ತಾರೆ. ಬಲೂಚಿಗಳ ಮುಸಲ್ಲಾಗಳಲ್ಲಿ ಮಿಹ್ರಾಬ್‌ನ ಕಮಾನು ಮೂಡುತ್ತದೆ. ಕಿಲೀಮ್‌ನಲ್ಲಿ ಗಂಟುಗಳೇ ಇಲ್ಲ. ಅದು ನಮ್ಮ ಜಮಖಾನದಂತೆ ಚಪ್ಪಟೆ ನೇಯ್ಗೆ. ಫಾರ್ಸ್ ಮತ್ತು ಕಾಶಾನ್‌ಗಳ ಈ ವಿದ್ಯೆಯನ್ನು 2010ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇವೆಲ್ಲಕ್ಕೂ ಕಿರೀಟಪ್ರಾಯವಾದುದು ಅರ್ದಬೀಲ್‌ನ ರತ್ನಗಂಬಳಿ. ಶೇಖ್ ಸಫಿಯುದ್ದೀನ್‌ರ ದರ್ಗಾದಲ್ಲಿದ್ದ ಅದು ಸುಮಾರು 10.5 ಮೀಟರ್ ಉದ್ದ, 5.3 ಮೀಟರ್ ಅಗಲವಿದೆ. ಅದರ ಮೇಲೆ ಹಿಜ್ರಿ 946 ಎಂಬ ವರ್ಷವೂ ಕಾಶಾನ್‌ನ ಮಕ್ಸೂದ್ ಎಂಬ ಹೆಸರೂ ಇವೆ. ತನ್ನನ್ನು ಆತ ಆಸ್ತಾನದ ಸೇವಕನೆಂದಷ್ಟೇ ಕರೆದುಕೊಂಡಿದ್ದಾನೆ. ಕೋಟಿಗಟ್ಟಲೆ ಗಂಟುಗಳನ್ನು ಹಾಕಿದ ಕೈಗಳ ಹೆಸರುಗಳು ಅಲ್ಲಿಲ್ಲ. ಅವು ಅಲ್ಲಾಹನಿಗೆ ಗೊತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇದೂ ಇದರ ಜೋಡಿಯೂ ಮಾರಾಟವಾದವು. ಒಂದನ್ನು ಕತ್ತರಿಸಿ ಇನ್ನೊಂದಕ್ಕೆ ತೇಪೆ ಹಾಕಲಾಯಿತು. ದುರಸ್ತಿಯಾದುದನ್ನು ಲಂಡನ್ನಿನ ವಸ್ತುಸಂಗ್ರಹಾಲಯವು 1893ರಲ್ಲಿ 2,000 ಪೌಂಡ್‌ಗಳಿಗೆ ಕೊಂಡಿತು. ಅಂಚು ಕಳೆದುಕೊಂಡ ಇನ್ನೊಂದು ಲಾಸ್ ಏಂಜಲೀಸ್‌ನಲ್ಲಿದೆ.

ಎರಡು ರತ್ನಗಂಬಳಿಗಳೂ ತುಂಡಾದವು. ಆದರೆ ಒಂದನ್ನು ನ್ಯಾಯವು ತುಂಡರಿಸಿತು, ಇನ್ನೊಂದನ್ನು ವ್ಯಾಪಾರವು ತುಂಡರಿಸಿತು.

ಇದರಲ್ಲಿ ನಮಗೂ ಪಾಠವಿದೆ. ಮಸೀದಿಯ ನೆಲಕ್ಕೆ ಯಾವ ಹಾಸು ತರಬೇಕೆಂಬ ಚರ್ಚೆಯಲ್ಲಿ ನಾವು ಗಂಟೆಗಟ್ಟಲೆ ಕಳೆಯುತ್ತೇವೆ. ಚಿತ್ತಾರವಿದ್ದ ಉಡುಪೊಂದು ನಮಾಝ್‌ನಲ್ಲಿ ಗಮನ ಸೆಳೆಯಿತೆಂದು ಪ್ರವಾದಿ(ಸ) ಅದನ್ನು ಹಿಂದಿರುಗಿಸಿ ಸರಳವಾದುದನ್ನು ತರಿಸಿಕೊಂಡಿದ್ದರು. ಖರ್ಜೂರದ ಗರಿಯ ಪುಟ್ಟ ಚಾಪೆಯ ಮೇಲೆ ಅವರು ಸುಜೂದ್ ಮಾಡಿದ್ದಾರೆ, ಬರಿನೆಲದ ಮೇಲೂ ಮಾಡಿದ್ದಾರೆ. ಸುಂದರ ಹಾಸನ್ನು ಹಾಸುವುದು ತಪ್ಪಲ್ಲ. ಆದರೆ ಅದೇ ಮೊಹಲ್ಲಾದಲ್ಲಿ ಚಳಿಗೆ ಹೊದೆಯಲು ಇಲ್ಲದವರಿದ್ದರೆ, ಹಂಚುವ ಕತ್ತರಿಯನ್ನು ನಾವು ಯಾವಾಗ ಎತ್ತಿಕೊಳ್ಳುತ್ತೇವೆ?

ಹಣೆ ಊರುವ ಹಾಸಿಗಿಂತ ಊರುವ ಹಣೆಯನ್ನು ಚೆನ್ನಾಗಿಟ್ಟುಕೊಳ್ಳಲು ಅಲ್ಲಾಹನು ನಮ್ಮೆಲ್ಲರನ್ನು ಅನುಗ್ರಹಿಸಲಿ. ಆಮೀನ್.