ಪದ ಪರಿಚಯ: ಗಡಿ ದಾಟಿಸುವ ಪದ

ಗಡೀಪಾರು (ನಾಮಪದ)

ಅಮೆರಿಕದ ವಲಸೆ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳ ತಲೆಬರಹದಲ್ಲಿ ಈ ಪದ ಕಾಣುತ್ತದೆ. 'ಗಡಿ' ಎಂದರೆ ಎಲ್ಲೆ, ಸೀಮೆ. 'ಪಾರು' ಸಂಸ್ಕೃತದ 'ಪಾರ'ದಿಂದ ಬಂದದ್ದು. ಮೂಲದಲ್ಲಿ ಹೊಳೆಯ ಆಚೆ ದಡ. ಮರಾಠಿಯ 'ತಡೀಪಾರ್' ಇದಕ್ಕೆ ಹತ್ತಿರದ ಪದ. ಅಲ್ಲಿ 'ತಡಿ' ಎಂದರೆ ದಡ. ತಮಿಳರು 'ನಾಡು ಕಡತ್ತಲ್' ಅನ್ನುತ್ತಾರೆ, ಅಂದರೆ ನಾಡು ದಾಟಿಸುವುದು. ಇಂಗ್ಲಿಷಿನ 'ಡಿಪೋರ್ಟ್' ಲ್ಯಾಟಿನ್ ಮೂಲದ್ದು: ಹೊತ್ತು ಒಯ್ಯುವುದು.

'ಕಷ್ಟದಿಂದ ಪಾರಾದೆ', 'ಪಾರುಮಾಡು ದೇವರೇ' ಎನ್ನುವಾಗ 'ಪಾರು' ಬಿಡುಗಡೆ. ಗಡೀಪಾರಿನಲ್ಲಿ ಮಾತ್ರ ಅದು ಹೊರದಬ್ಬುವಿಕೆ. ಪೊಲೀಸ್ ಕಾಯ್ದೆಯಡಿ ರೌಡಿಗಳನ್ನು ಜಿಲ್ಲೆಯಿಂದ ಹೊರಗಿಡುವುದಕ್ಕೂ ನಮ್ಮಲ್ಲಿ ಇದೇ ಪದ ಬಳಕೆಯಲ್ಲಿರುವುದರಿಂದ ಅದಕ್ಕೆ ಅಪರಾಧದ ವಾಸನೆ ಅಂಟಿದೆ. ಅಮೆರಿಕದ ಸುದ್ದಿಗೆ ಬಳಸುವಾಗ ಇದು ನೆನಪಿರಲಿ. ವೀಸಾ ಅವಧಿ ಮೀರಿ ಉಳಿಯುವುದು ಅಲ್ಲಿ ಸಿವಿಲ್ ಉಲ್ಲಂಘನೆಯೇ ಹೊರತು ಅಪರಾಧವಲ್ಲ.

ಗಡೀಪಾರು ಶಿಕ್ಷೆಯಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1893ರಲ್ಲೇ ಹೇಳಿತು. ಹಾಗಾಗಿ ಬಡ ವಲಸಿಗರಿಗೆ ಸರ್ಕಾರಿ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿಲ್ಲ. ಆದರೆ ಶಿಕ್ಷೆಯಲ್ಲ ಎಂದರೂ, 2025ರ ಫೆಬ್ರುವರಿ 5ರಂದು ಅಮೆರಿಕದಿಂದ ಗಡೀಪಾರಾಗಿ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ಬಂದಿಳಿದ 104 ಭಾರತೀಯರಲ್ಲಿ ಹಲವರಿಗೆ ದಾರಿಯುದ್ದಕ್ಕೂ ಕೈಕೋಳ, ಕಾಲಿಗೆ ಸರಪಳಿ ಹಾಕಿದ್ದರು. ಮರುತಿಂಗಳು ವೆನೆಜುವೆಲಾದ 200ಕ್ಕೂ ಹೆಚ್ಚು ಜನರನ್ನು ಸ್ವದೇಶಕ್ಕಲ್ಲ, ಎಲ್ ಸಾಲ್ವಡಾರ್‌ನ ಸೆರೆಮನೆಗೆ ಸಾಗಿಸಿದರು. ಅದನ್ನು ಗಡೀಪಾರು ಎಂದರೆ ಸಾಲದು. ವಿಚಾರಣೆಯಿಲ್ಲದ ಸೆರೆವಾಸ ಎಂದೇ ಬರೆಯಬೇಕು.